ಬರಿಗಾಲಿನ ನೀರು

ಶಾಂತಗೌಡರನ್ನು ನಾನು ಎಂಟು ವರ್ಷ ಕಳ್ಳರೆಂದು ತಿಳಿದಿದ್ದೆ. ಅವರು ಕಳ್ಳರಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ, ಅವರ ಮೇಲೆ ನನಗಿರುವ ಉಳಿದ ಸಿಟ್ಟನ್ನೆಲ್ಲ ಆಮೇಲೆ ಸಮಾಧಾನವಾಗಿ ಹೇಳಬಹುದು. ನಾನು ಹುಲಿಗೆವ್ವ, ನಮ್ಮೂರಿನ ನೀರಗಂಟಿ. ಕಾಲುವೆಯ ತೂಬು ಎತ್ತಿ, ಮೇಲಿನ ಏಳು ಹೊಲಗಳಿಗೆ ಸರದಿಯಂತೆ ನೀರು ತಿರುಗಿಸಿ, ಮಡಿಯಿಂದ ಮಡಿಗೆ ಹಾಯಿಸಿ, ಸಾಕಾದಾಗ ತೂಬು ಇಳಿಸುವುದು ನನ್ನ ಕೆಲಸ. ಊರಿನ ಉಳಿದವರು ತಮ್ಮ ಹೊಲಕ್ಕೆ ತಾವೇ ನೀರು ಬಿಟ್ಟುಕೊಳ್ಳುತ್ತಾರೆ. ಈ ಏಳು ಮಂದಿ ದೊಡ್ಡವರು, ಕೈ ಕೆಸರು ಮಾಡಿಕೊಳ್ಳುವವರಲ್ಲ. ನನಗಿಂತ ಮುಂಚೆ ನನ್ನ ಅತ್ತೆ ಈ ಕೆಲಸ ಮಾಡುತ್ತಿದ್ದಳು. ಈ ಚಾಕರಿಗೆಂದೇ ಊರಿನವರು ಎಂದೋ ಕೊಟ್ಟ ಮೂರು ಎಕರೆ ನಮ್ಮದು. ಊರಿನ ತೀರ ಕೆಳಗೆ, ಇಳಿಜಾರು ಮುಗಿಯುವ ಕಡೆ ಇದೆ. ಹೊಲದ ಒಂದು ಮೂಲೆಯ ಬಂಡೆಯ ಮೇಲೆ ನಮ್ಮ ಮನೆ, ಹೊಲ ತುಳಿದೇ ಹೋಗಬೇಕು. ನನ್ನ ಗಂಡ ಯಮನಪ್ಪ ಚಪ್ಪಲಿ ಹೊಲಿಯುತ್ತಾನೆ. ಅವನ ಒಂದು ಕಾಲು ಹುಟ್ಟಿದಾಗಿನಿಂದ ಎಳೆಯುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ನಡೆಯುವ ಕೆಲಸ ನನ್ನದು, ಕೂರುವ ಕೆಲಸ ಅವನದು.

ನಮ್ಮೂರಲ್ಲಿ ಚಪ್ಪಲಿಗೆ ಯಾವಾಗಲೂ ಗಿರಾಕಿ ಇದ್ದೇ ಇರುತ್ತಾರೆ. ಹೊಲ ಕುಡಿದು ಮಿಕ್ಕ ನೀರು ಮಣ್ಣಿನ ಕೆಳಗೆ ಬಸಿದು ಏಳು ದಿನ ಸುಮ್ಮನೆ ಮಲಗಿರುತ್ತದೆ. ಎಂಟನೆಯ ದಿನ ಎದ್ದು ತನ್ನವರ ಬರಿಗಾಲಿನ ಹೆಜ್ಜೆ ಹಿಡಿದು ಹೊರಡುತ್ತದೆ. ಅವರು ಹಿಂದಿನ ದಿನ ಯಾವ ದಾರಿಯಲ್ಲಿ ಹೋಗಿದ್ದರೋ ಅದೇ ದಾರಿಯಲ್ಲಿ, ಮಣ್ಣಿನೊಳಗೇ ಹೋಗಿ, ಅವರು ನಿಂತ ಕಡೆ ಮೇಲೆದ್ದು ತಾನೂ ನಿಲ್ಲುತ್ತದೆ. ಚಪ್ಪಲಿಯ ಹೆಜ್ಜೆ ಅದಕ್ಕೆ ಗುರುತು ಹತ್ತುವುದಿಲ್ಲ. ಹೀಗಾಗಿ ನೀರು ಬಿಟ್ಟ ಏಳನೆಯ ದಿನ ಹೊಲದವರು ಹೊಲದಿಂದ ಹಳ್ಳದವರೆಗೆ ಬರಿಗಾಲಲ್ಲಿ ನಡೆದು, ಹಳ್ಳದಲ್ಲಿ ಕಾಲು ಅದ್ದಿ, ಒರೆಸಿಕೊಂಡು, ಚಪ್ಪಲಿ ಮೆಟ್ಟಿ ತಿರುಗಿ ಬರುತ್ತಾರೆ. ಅವರ ಚಪ್ಪಲಿ ಹಿಡಿದುಕೊಂಡು ಮನೆಯ ಆಳೊಬ್ಬ ಹಿಂದೆ ಹೋಗುತ್ತಾನೆ. ಹಳ್ಳ ಒಂದೂವರೆ ಹರದಾರಿ ದೂರ, ಹೋಗಿ ಬರುವುದಕ್ಕೆ ಅರ್ಧ ದಿನ ಬೇಕು. ಉಳಿದ ದಿನ ಇವರೆಲ್ಲ ಹಿತ್ತಲಿಗೆ ಹೋಗಬೇಕಾದರೂ ಚಪ್ಪಲಿ ಹುಡುಕುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯ ಅಂಗಾಲು ನೋಡುತ್ತಾರೆ, ಮೆತ್ತಗಿದ್ದರೆ ಒಳ್ಳೆಯ ಮನೆತನ ಅಂತ. ನನ್ನ ಅಂಗಾಲು ನೋಡಿ ನನ್ನ ಅತ್ತೆ, "ಇದು ನೀರಗಂಟಿ ಕಾಲು, ಇರ್ಲಿ ಬಿಡ್ರಿ" ಅಂದಿದ್ದಳು. ಇನ್ನು ನೀರಿಗೆ ತನ್ನವರು ಅಂದರೆ ಯಾರು ಅಂತ ನಮ್ಮೂರಲ್ಲಿ ಯಾರೂ ಕೇಳಿದ್ದಿಲ್ಲ. ಹೊಲ ಯಾರದೋ ನೀರು ಅವರದು, ಇದರಲ್ಲಿ ಕೇಳುವುದೇನಿದೆ ಅಂತ ನಾನೂ ಸುಮ್ಮನಿದ್ದೆ.

ಅತ್ತೆ ತೀರಿಕೊಂಡ ಮೇಲೆ ಮೊದಲ ದಿನ ಕೆಲಸಕ್ಕೆ ಹೋದಾಗ ನನ್ನ ಕಾಲಲ್ಲಿ ಯಮನಪ್ಪ ಹೊಲಿದುಕೊಟ್ಟ ಹೊಸ ಚಪ್ಪಲಿ ಇದ್ದವು. ಶಾಂತಗೌಡರು ಬದುವಿನ ಮೇಲೆ ನಿಂತಿದ್ದರು. ಬಯ್ಯಲಿಲ್ಲ, ಕೂಗಲಿಲ್ಲ. "ಚಪ್ಲಿ ಬಿಟ್ಟ ನಡಿಯವಾ" ಅಂದರು. ಕೂಲಿಯವರು ಇನ್ನೊಬ್ಬರ ಹೊಲದಲ್ಲಿ ಚಪ್ಪಲಿ ಮೆಟ್ಟಬಾರದು ಅನ್ನುವುದು ನಮ್ಮೂರ ರೂಢಿ. ನನಗೆ ಗೊತ್ತಿಲ್ಲದ್ದಲ್ಲ, ಹೊಸ ಚಪ್ಪಲಿಯ ಹುರುಪಿನಲ್ಲಿ ಮರೆತಿದ್ದೆ. ಬಿಟ್ಟೆ. ಏಳು ಹೊಲ ಸುತ್ತುವವಳು ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಸನಿಕೆ ಹಿಡಿಯುವುದಾದರೂ ಹೇಗೆ? ಮರುದಿನದಿಂದ ಅವನ್ನು ಮನೆಯಲ್ಲೇ ಬಿಟ್ಟು ಹೋದೆ. ಅವು ಗೋಡೆಯ ಗೂಟಕ್ಕೆ ಏರಿದವು. ಯಮನಪ್ಪ ಅಮಾವಾಸ್ಯೆಗೊಮ್ಮೆ ಅವನ್ನು ಇಳಿಸಿ ಹರಳೆಣ್ಣೆ ಸವರಿ ಮತ್ತೆ ನೇತುಹಾಕುತ್ತಿದ್ದ. "ಮೆಟ್ಟಲಾರದ ಚಪ್ಲಿಗೆ ಎಣ್ಣಿ ಯಾಕ ಹಾಳು ಮಾಡ್ತೀರಿ?" ಅಂತ ನಾನು ಕೇಳಿದರೆ, "ತೊಗಲು ಒಣಗಬಾರದು" ಅನ್ನುತ್ತಿದ್ದ. ಅವನು ಮಾತು ಕಡಿಮೆ.

ಅದೇ ವರ್ಷ ಏಳು ಹೊಲಗಳಿಗೂ ಅರಿಶಿನ ಬಂತು. ಅಲ್ಲಿಯವರೆಗೆ ಅವರು ಬಿಳಿಜೋಳ ಬೆಳೆಯುತ್ತಿದ್ದರು, ಬೆಳೆಗೆ ಎರಡು ಸಲ ನೀರು ಬಿಟ್ಟರೆ ಸಾಕಾಗುತ್ತಿತ್ತು. ಅರಿಶಿನಕ್ಕೆ ಎಂಟು ದಿನಕ್ಕೊಮ್ಮೆ ನೀರು ಬೇಕು. ದುಡ್ಡು ಬಂತು, ಮಹಡಿ ಎದ್ದವು. ಆ ಕಡೆ ಮಹಡಿ ಏಳುತ್ತಿದ್ದಂತೆ ಈ ಕಡೆ ನನ್ನ ಹೊಲದಲ್ಲಿ ನೀರು ಏಳತೊಡಗಿತು. ಮೊದಲು ಮೂಲೆಯಲ್ಲಿ ಒದ್ದೆ. ಆಮೇಲೆ ಕಾಲಿಟ್ಟರೆ ಪಾದ ಮುಳುಗುವಷ್ಟು. ಬಿಸಿಲಿಗೆ ಆರಿದ ಕಡೆ ಬೆಳ್ಳನೆಯ ಉಪ್ಪು. ಆರನೆಯ ವರ್ಷ ಜೋಳ ಗೇಣುದ್ದ ಬೆಳೆದು ಹಳದಿಯಾಗಿ ನಿಂತಿತು, ಏಳನೆಯ ವರ್ಷ ಬಿತ್ತಿದ್ದು ಮೊಳಕೆಯನ್ನೇ ಒಡೆಯಲಿಲ್ಲ. ನೀರಗಂಟಿಯಾಗಿ ನಾನು ಜೋಳವನ್ನು ಅಂಗಡಿಯಿಂದ ತರುವ ಹಾಗಾಯಿತು.

ಇದಕ್ಕೂ ನಮ್ಮೂರಲ್ಲಿ ಒಂದು ಕಟ್ಟಳೆ ಇದೆ. ಸುಗ್ಗಿಯ ದಿನ ಚಾವಡಿಯ ಹಿರಿಯರು ಹೊಲ ನೋಡಲು ಬರುತ್ತಾರೆ. ಯಾವ ಹೊಲದಲ್ಲಿ ಮೂರು ಸುಗ್ಗಿ ಸಾಲಾಗಿ ನೀರು ನಿಂತಿದೆಯೋ ಅದು ಹೊಲವಲ್ಲ, ಊರ ಕೆರೆ. ನನ್ನದು ಎರಡು ಸುಗ್ಗಿ ಆಗಿತ್ತು. ಮೂರನೆಯದಕ್ಕೆ ಮೂರು ತಿಂಗಳು ಉಳಿದಿತ್ತು. ನಾನು ಓದಿದವಳಲ್ಲ, ಆದರೆ ಲೆಕ್ಕ ಬರುತ್ತದೆ. ಅರಿಶಿನದವರು ಒಬ್ಬೊಬ್ಬರೂ ವರ್ಷಕ್ಕೆ ಮೂವತ್ತು ಸಲ ಹಳ್ಳಕ್ಕೆ ನಡೆಯಬೇಕು. ಸಲಕ್ಕೆ ಅರ್ಧ ದಿನ ಅಂದರೆ ಹದಿನೈದು ದಿನ. ಏಳು ಮಂದಿಗೆ ನೂರೈದು ದಿನ, ಅಷ್ಟೇ ದಿನ ಅವರ ಆಳುಗಳದ್ದು. ನನ್ನ ಹೊಲ ಕೆರೆಯಾದರೆ ಇಳಿಜಾರಿನಲ್ಲಿ ಹತ್ತು ನಿಮಿಷ ನಡೆದು ಬಂದು ನಿಂತರೆ ಮುಗಿಯಿತು. ನನ್ನ ಮೂರು ಎಕರೆ ಮುಳುಗಿದರೆ ಅವರಿಗೆ ನೂರೈದು ದಿನ ಉಳಿಯುತ್ತದೆ. ಇಷ್ಟು ಲಾಭ ಕಣ್ಣೆದುರಿಗಿದ್ದರೆ ಯಾರು ತಾನೇ ಹಳ್ಳದವರೆಗೆ ನಡೆಯುತ್ತಾರೆ? ಇಳಿಜಾರು ಇಳಿದು ಬಂದು, ನನ್ನ ಬದುವಿನ ಪಕ್ಕ ನಿಂತು ಬೀಡಿ ಸೇದಿ, ಅಲ್ಲೇ ಚಪ್ಪಲಿ ಮೆಟ್ಟಿ ಮನೆಗೆ ಹೋಗುತ್ತಾರೆ. ಇದು ನನ್ನ ತೀರ್ಮಾನವಾಗಿತ್ತು. ನನ್ನ ಮೇಲೆ ನನಗೆ ಒಂದಿಷ್ಟೂ ಅನುಮಾನ ಇರಲಿಲ್ಲ.

ಒಂದು ಬೆಳಿಗ್ಗೆ ನೆಟ್ಟಗೆ ಶಾಂತಗೌಡರ ಅಂಗಳಕ್ಕೆ ಹೋದೆ. ಅವರು ಹಲ್ಲುಜ್ಜುತ್ತಿದ್ದರು.

"ಗೌಡ್ರ, ನಿಮ್ಮ ನೀರು ಹಳ್ಳಕ್ಕ ಹೋಗವಲ್ದು. ನನ್ನ ಹೊಲಕ್ಕ ಬರಾಕತ್ತೈತಿ" ಅಂದೆ.

"ನಾ ಹಳ್ಳಕ್ಕ ನಡದೇನಿ, ಹುಲಿಗೆವ್ವ. ಪೂರಾ ನಡದೇನಿ."

"ನಡದಿದ್ರ ಅರಿಶಿಣದ ನೀರು ನನ್ನ ಹೊಲದಾಗ ಯಾಕ ನಿಲ್ತೈತಿ? ಹಳದಿ ಬಣ್ಣ ನನ್ನ ಕಣ್ಣಿಗೆ ಕಾಣಾಂಗಿಲ್ಲೇನು?"

ಗೌಡರು ಬಾಯಿ ಮುಕ್ಕಳಿಸಿ ಉಗುಳಿ, ಹೆಗಲ ಮೇಲಿನ ಟವೆಲ್ಲಿನಿಂದ ಮೋರೆ ಒರೆಸಿಕೊಂಡರು. ಆ ಮನುಷ್ಯನಿಗೆ ಅವಸರ ಅನ್ನುವುದೇ ಇಲ್ಲ. "ನಾಳೆ ನನ್ನ ಹೊಲದ್ದು ಏಳನೇ ದಿನ. ಆಳಿನ ಬದ್ಲಿ ನೀನೇ ನನ್ನ ಚಪ್ಲಿ ಹಿಡ್ಕೊಂಡು ಬಾ. ಹಿಂದಿಂದನ ಬಾ. ನಾ ಎಲ್ಲಿ ನಿಲ್ತೇನಿ ನೋಡು. ಸುಳ್ಳ ಮಂದಿಗೆ ಕಳ್ಳ ಅನಬ್ಯಾಡ" ಅಂದರು.

"ಬರ್ತೇನ್ರಿ. ಬರಲಾರದ ಏನು" ಅಂದೆ.

ಮರುದಿನ ಅವರ ಜೋಡಿಯನ್ನು ಕೈಯಲ್ಲಿ ಹಿಡಿದು ಹಿಂದೆ ಹಿಂದೆ ಹೋದೆ. ಅವು ನನ್ನ ಗಂಡನೇ ಹೊಲಿದ ಚಪ್ಪಲಿ, ಅಂಚಿಗೆ ಕೆಂಪು ದಾರ. ಅರವತ್ತು ದಾಟಿದ ದಪ್ಪ ಮೈ, ಮೆತ್ತನೆಯ ಅಂಗಾಲು. ಕಲ್ಲು ಚುಚ್ಚಿದಾಗೆಲ್ಲ "ಅಪ್ಪಾ" ಅನ್ನುತ್ತಿದ್ದರು, ಆದರೆ ಎಲ್ಲೂ ನಿಲ್ಲಲಿಲ್ಲ. ನನ್ನ ಹೊಲದ ದಿಕ್ಕಿಗೆ ತಿರುಗಿಯೂ ನೋಡಲಿಲ್ಲ. ಹಳ್ಳ ಬಂತು. ನಾನು ದಂಡೆಯಲ್ಲೇ ನಿಂತೆ, ಅವರು ಮೊಳಕಾಲುದ್ದ ನೀರಿಗೆ ಇಳಿದು, ಕೈ ಮುಗಿದು, ಮೇಲೆ ಬಂದು ಕಾಲು ಒರೆಸಿಕೊಂಡರು. ನಾನು ಚಪ್ಪಲಿ ಅವರ ಮುಂದೆ ಇಟ್ಟೆ. "ಈಗೇನಂತಿ?" ಅಂದರು. ಅವರು ಚಪ್ಪಲಿ ಮೆಟ್ಟಿಕೊಂಡು ಬಂಡಿದಾರಿ ಹಿಡಿದು ಮನೆಗೆ ಹೋದರು. ನಾನು ಒಳದಾರಿ ಹಿಡಿದೆ, ಯಾಕೆಂದರೆ ಬೆಳಿಗ್ಗೆ ಗಿರಣಿಯಲ್ಲಿ ಜೋಳದ ಚೀಲ ಇಟ್ಟು ಬಂದಿದ್ದೆ. ದಾರಿಯಲ್ಲಿ ಜಾಲಿ ಮುಳ್ಳು ನೆಟ್ಟಿತು. ಮರದ ಬುಡದಲ್ಲಿ ಕೂತು ಅದನ್ನು ತೆಗೆಯುವಷ್ಟರಲ್ಲಿ ಸಾಕುಬೇಕಾಯಿತು. ಗಿರಣಿಯಲ್ಲಿ ಕರೆಂಟು ಇರಲಿಲ್ಲ, ಬಾಗಿಲ ಮುಂದೆ ಒಂದು ತಾಸಿಗೂ ಮೇಲೆ ನಿಂತೆ. ಹಿಟ್ಟು ಹೊತ್ತುಕೊಂಡು ಮನೆ ಸೇರಿದಾಗ ಹೊತ್ತು ಮುಳುಗಿತ್ತು.

ಮರುದಿನ ಬೆಳಿಗ್ಗೆ ನನ್ನ ಹೊಲದಲ್ಲಿ ಹೊಸ ನೀರು ನಿಂತಿತ್ತು, ಅಚ್ಚ ಹಳದಿ. ನಾನು ಬದುವಿನ ಮೇಲೆ ಕೂತು ತಲೆ ಹಿಡಿದುಕೊಂಡೆ. ಗೌಡರು ನಡೆದದ್ದನ್ನು ಕಣ್ಣಾರೆ ಕಂಡಿದ್ದೆ. ಕಣ್ಣಾರೆ ಕಂಡದ್ದಕ್ಕೂ ಕಾಲಡಿಯ ನೀರಿಗೂ ತಾಳೆಯಾಗುತ್ತಿರಲಿಲ್ಲ. ಹಾಗೆ ಕೂತಿದ್ದಾಗ ಗಿರಣಿಯ ಮೌಲಾಸಾಬ ಸೈಕಲ್ಲಿನಲ್ಲಿ ಬಂದ.

"ಹುಲಿಗೆವ್ವಕ್ಕ, ನನ್ನ ಬಾಗಿಲ ಮುಂದ ಯಾರೋ ನೀರು ತಂದು ಬಿಟ್ಟಾರ. ನೀ ನೀರಗಂಟಿ ಅಲ್ಲ, ಬಂದು ನೋಡು. ಗಿರಾಕಿ ಒಳಗ ಕಾಲಿಡಾಕ ಆಗವಲ್ದು" ಅಂದ.

"ಎಲ್ಲಿ ನಿಂತೈತಿ?"

"ನಿನ್ನೆ ನೀ ನಿಂತಿದ್ದೆಲ್ಲ, ಅಲ್ಲೇ."

ಹೋಗಿ ನೋಡಿದೆ. ನಾನು ಗೋಡೆಗೆ ಒರಗಿ ನಿಂತಿದ್ದ ಜಾಗದಲ್ಲಿ ಹಿಟ್ಟು ಕಲಸುವ ಪರಾತದಷ್ಟು ನೀರು, ಹಳದಿ. ಅಲ್ಲಿಂದ ಜಾಲಿ ಮರದ ಕಡೆಗೆ ಓಡಿದೆ. ಬುಡದಲ್ಲಿ ಬೊಗಸೆಯಷ್ಟು ನೀರು, ಅದೇ ಬಣ್ಣ. ಪಕ್ಕದಲ್ಲಿ ನಾನು ಕಿತ್ತೆಸೆದ ಮುಳ್ಳು ಬಿದ್ದಿತ್ತು. ಅಲ್ಲೇ ಕೂತುಬಿಟ್ಟೆ. ಮೊದಲು ನಗು ಬಂತು, ಆಮೇಲೆ ಅಳು ಬಂತು. ನೀರು ಗೌಡರ ಹಿಂದೆ ಹೋಗಿಯೇ ಇರಲಿಲ್ಲ. ಅದು ಯಾವತ್ತೂ ಅವರ ಹಿಂದೆ ಹೋದದ್ದಲ್ಲ. ತೂಬು ಎತ್ತಿದವಳು ನಾನು, ಮಡಿ ತಿರುಗಿಸಿದವಳು ನಾನು, ದಿನಾ ಸಂಜೆ ಏಳೂ ಹೊಲ ಸುತ್ತಿ ಬರಿಗಾಲಲ್ಲಿ ಮನೆಗೆ ಬರುವವಳೂ ನಾನು. ಎಂಟು ವರ್ಷ ಏಳು ಹೊಲದ ನೀರನ್ನು ನಾನೇ ಕರೆದುಕೊಂಡು ಬಂದು ನನ್ನ ಹೊಲದಲ್ಲಿ ನಿಲ್ಲಿಸಿದ್ದೆ. ಮನೆಯ ಬಂಡೆ ಹತ್ತಲಾರದೆ ಅದು ಹೊಲದಲ್ಲೇ ಹರಡಿಕೊಂಡಿತ್ತು. ಆಮೇಲೆ ಬದುವಿನ ಮೇಲೆ ನಿಂತು ಊರಿಗೆ ಶಾಪ ಹಾಕಿದ್ದೆ.

ಮನೆಗೆ ಬಂದು ಯಮನಪ್ಪನಿಗೆ ಹೇಳಿದೆ. ಅವನು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ. ಆಮೇಲೆ ಗೋಡೆ ಹಿಡಿದು ಎದ್ದು, ಗೂಟದಿಂದ ಆ ಚಪ್ಪಲಿ ಇಳಿಸಿ ನನ್ನ ಮುಂದೆ ಇಟ್ಟ.

"ಹೊಲದಾಗ ಬ್ಯಾಡ ಅಂದ್ರ ಬದುವಿನ ಹೊರಗ ಬಿಡು. ಬರೂಮುಂದ ಮೆಟ್ಕೊಂಡು ಬಾ" ಅಂದ.

"ಹಂಗ ಮಾಡಿದ್ರ ನೀರು ಅವರ ಹೊಲದಾಗ ನಿಲ್ತೈತ್ರಿ. ಗಡ್ಡಿ ಕೊಳೀತಾವು."

"ನಮ್ಮ ಜೋಳ ಕೊಳ್ಯಾಕ ಹತ್ತಿದಾಗ ಯಾರರ ಬಂದು ಕೇಳಿದ್ರೇನು?"

ಅವನು ಇಷ್ಟು ಗಡುಸಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮರುದಿನದಿಂದ ಚಪ್ಪಲಿ ಮೆಟ್ಟಿಕೊಂಡು ಹೋದೆ. ಒಂದೊಂದು ಹೊಲಕ್ಕೆ ಹೋದಾಗಲೂ ಬದುವಿನ ಹೊರಗೆ ಬಿಟ್ಟು, ನೀರು ಹಾಯಿಸಿ, ಹೊರಗೆ ಬಂದ ಕೂಡಲೇ ಮೆಟ್ಟುತ್ತಿದ್ದೆ. ಎರಡು ದಿನ ಕಾಲಿಗೆ ಬೊಕ್ಕೆ ಎದ್ದವು. ಮೂರನೆಯ ದಿನದಿಂದ ನನ್ನ ಹೊಲಕ್ಕೆ ಒಂದು ಹನಿ ಹೊಸ ನೀರು ಬರಲಿಲ್ಲ.

ಆದರೆ ಹಳೆಯ ನೀರು ಇತ್ತಲ್ಲ, ಮೂರು ಎಕರೆಯ ತುಂಬ. ನನ್ನದೇ ನೀರಾದರೆ ನಾನು ಕರೆದರೆ ಬರಬೇಕು. ಹಳ್ಳಕ್ಕೆ ನಡೆಸಿಕೊಂಡು ಹೋಗಿ ಬಿಟ್ಟುಬಿಡುತ್ತೇನೆ ಅಂದೆ. ಯಮನಪ್ಪ, "ಕಾಲುವಿ ಬೇಸಿಗ್ಯಾಗ ಎರಡು ತಿಂಗಳು ಬಂದ್ ಇರ್ತೈತಿ" ಅಂದ. ಅಷ್ಟೇ ಅಂದ. ಉಳಿದದ್ದನ್ನು ನಾನು ರೊಟ್ಟಿ ಬಡಿಯುತ್ತ ಯೋಚಿಸಿದೆ. ಆ ಎರಡು ತಿಂಗಳು ಅರಿಶಿನದವರು ಬಾವಿಯ ತಳ ಕೆರೆಯುತ್ತಾರೆ. ಅರ್ಧ ಹೊಲ ಬಾಡುತ್ತದೆ, ಗಡ್ಡೆ ಸಣ್ಣದಾಗುತ್ತದೆ. ಬಸಿದ ನೀರು ಉಪ್ಪು, ಹೌದು. ಆದರೆ ಜಂಬುಹುಲ್ಲಿನ ನಡುವೆ ಹಾಯಿಸಿ ನಿಲ್ಲಿಸಿದರೆ ಕೆಸರು ಕೂರುತ್ತದೆ. ಅರ್ಧಕ್ಕರ್ಧ ಬಾವಿಯ ಸಿಹಿನೀರು ಬೆರೆಸಿದರೆ ಬೆಳೆ ಕುಡಿಯುತ್ತದೆ. ಎಂಟು ವರ್ಷ ಆ ನೀರಿನ ರುಚಿ ನೋಡಿದ ನನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಹಳ್ಳಕ್ಕೆ ಚೆಲ್ಲಿದ ನೀರು ಹೋದ ಹಾಗೇ, ಹಿಡಿದಿಟ್ಟ ನೀರು ಇನ್ನೊಂದು ಬೆಳೆ. ಮೂರು ಎಕರೆಯನ್ನೂ ಊರ ಕೆರೆಗೆ ಕೊಡುವುದಕ್ಕಿಂತ ಅರ್ಧ ಎಕರೆಯನ್ನು ನಾನೇ ಹೊಂಡ ಮಾಡಿಕೊಂಡರೆ ಎರಡೂವರೆ ಎಕರೆ ನನಗೆ ಉಳಿಯುತ್ತದೆ. ಹೊಲದಲ್ಲಿ ನಿಂತ ನೀರು ಬೇರೆ, ತೋಡಿ ದಂಡೆ ಕಟ್ಟಿ ನಿಲ್ಲಿಸಿದ ನೀರು ಬೇರೆ. ಕಟ್ಟಳೆಯಲ್ಲೂ ಹಾಗೇ ಇದೆ.

ತೋಡಿದೆವು. ಕಡೆಯ ಮೂಲೆಯಲ್ಲಿ ಗಟ್ಟಿ ನೆಲ ಇತ್ತು. ಬೆಳಿಗ್ಗೆ ನಾನು ತೂಬಿನ ಕೆಲಸ ಮುಗಿಸಿ ಬರುವವರೆಗೆ ಯಮನಪ್ಪ ಕೂತಲ್ಲೇ ಸರಿಯುತ್ತ ಅಗೆಯುತ್ತಿದ್ದ, ಮಧ್ಯಾಹ್ನದ ಮೇಲೆ ನಾನು ಮಣ್ಣು ಹೊರುತ್ತಿದ್ದೆ. ಎರಡು ತಿಂಗಳಾಯಿತು. ನನ್ನ ಕೈ ಒಡೆದವು, ಅವನ ಸೊಂಟ ಹಿಡಿಯಿತು. ನೀರು ಒಳಗೆ ಬರುವ ಬಾಯಿ ಕಡೆಗೆ ಜಂಬುಹುಲ್ಲು ನೆಟ್ಟೆವು. ಆಮೇಲೆ ನಾನು ದಿನಾ ಚಪ್ಪಲಿ ಬಿಟ್ಟು, ಹೊಲದ ಒಂದೊಂದು ಪಟ್ಟಿಯನ್ನು ತುಳಿದು, ಹುಲ್ಲು ಹಾದು, ಹೊಂಡದ ತಳಕ್ಕೆ ಇಳಿದು ಒಂದು ತಾಸು ನಿಲ್ಲುತ್ತಿದ್ದೆ. ಮರುದಿನ ಆ ಪಟ್ಟಿ ಖಾಲಿ, ಹೊಂಡದಲ್ಲಿ ನೀರು. ದಾರಿಯಲ್ಲಿ ಹೋಗುವವರು, "ಹುಲಿಗೆವ್ವಗ ತಲಿ ಕೆಟ್ಟೈತಿ, ಗುಂಡ್ಯಾಗ ನಿಂತು ತಪಸ್ಸು ಮಾಡಾಕತ್ತಾಳ" ಅಂತ ನಗುತ್ತಿದ್ದರು. ನಗಲಿ ಅಂದುಕೊಂಡೆ. ಮೇಲೆ ಏಳು ಹೊಲಗಳಲ್ಲಿ ಅರಿಶಿನದ ಎಲೆ ಅಂಚಿನಿಂದ ಒಣಗುತ್ತ ಬಂದಿತ್ತು. ಏಳು ಮಂದಿ ದೊಡ್ಡವರು ಹಳ್ಳಕ್ಕೆ ಎರಡೆರಡು ಸಲ ನಡೆಯತೊಡಗಿದ್ದರು. ಅವರ ಅಂಗಾಲು ಒಡೆದದ್ದೇ ಬಂತು, ನೀರು ಕದಲಲಿಲ್ಲ. ಗಡ್ಡೆ ಕಿತ್ತರೆ ಮೆತ್ತಗೆ ಬರುತ್ತಿತ್ತು.

ಸುಗ್ಗಿಗೆ ಹದಿನೈದು ದಿನ ಇರುವಾಗ ಚಾವಡಿಗೆ ಕರೆ ಬಂತು. ಕಟ್ಟೆಯ ಮೇಲೆ ಹಿರಿಯರು, ಶಾಂತಗೌಡರು, ಉಳಿದ ಆರು ಮಂದಿ ಕೂತಿದ್ದರು. ಮೆಟ್ಟಿಲ ಕೆಳಗೆ ಅವರ ಚಪ್ಪಲಿಗಳ ಸಾಲು. ನಾನು ಬಿಸಿಲಲ್ಲಿ ನಿಂತೆ. ಇನ್ನೂ ಒಂದು ಎಕರೆಯಲ್ಲಿ ನೀರು ಉಳಿದಿದೆ, ಸುಗ್ಗಿಯವರೆಗೆ ಕಾಯುವುದೇಕೆ, ಈಗಲೇ ಕೆರೆ ಅಂತ ಬರೆದುಕೊಂಡರೆ ಮೇಲಿನ ನೀರನ್ನು ಇಲ್ಲಿಗೆ ಇಳಿಸಿ ಅರಿಶಿನ ಉಳಿಸಿಕೊಳ್ಳಬಹುದು ಅನ್ನುವುದು ಅವರ ಮಾತು. ನನಗೆ ಬದಲಿಗೆ ಗುಡ್ಡದ ಮೇಲೆ ಒಂದು ತುಂಡು ಕಲ್ಲುನೆಲ ಕೊಡುತ್ತಾರಂತೆ.

"ಕೆರಿ ಮಾಡಿದ್ರೂ ನಿಮ್ಮ ನೀರು ಇಳಿಯೂದಿಲ್ರಿ. ಅದು ನಿಮ್ಮ ನೀರಲ್ಲ, ನಂದು" ಅಂದೆ.

ಕಟ್ಟೆಯ ಮೇಲೆ ನಗು ಎದ್ದಿತು. ಗಿರಣಿಯ ಸಂಗತಿ, ಜಾಲಿ ಮರದ ಸಂಗತಿ, ಚಪ್ಪಲಿಯ ಸಂಗತಿ ಎಲ್ಲ ಹೇಳಿದೆ. ನಗು ನಿಂತಿತು. ಒಬ್ಬ ಹಿರಿಯರು, "ಗೌಡ್ರ ಹೊಲದ ನೀರು ಕೂಲಿಯಾಕಿ ಬೆನ್ನ ಹತ್ತಿ ಹೋಗತೈತಿ ಅಂತೀಯೇನು? ಮಾತಾಡೂಮುಂದ ನೆದರಿರಲಿ" ಅಂದರು. ಶಾಂತಗೌಡರು ಮಾತ್ರ ನನ್ನ ಕಾಲ ಕಡೆ ನೋಡುತ್ತಿದ್ದರು.

"ಇವತ್ತು ಗೌಡ್ರ ಹೊಲದ್ದು ಏಳನೇ ದಿನ. ಈಗ ಹೋಗಿ, ಅವರ ಹೊಲದಿಂದ ಬರಿಗಾಲಲೆ ನಡಕೊಂಡು ಬಂದು ಇಲ್ಲೇ ಈ ಮೆಟ್ಟಲ ಮುಂದ ನಿಲ್ತೇನಿ. ನಾಳೆ ಮುಂಜಾನೆ ನೀವೆಲ್ಲ ಇಲ್ಲೇ ಬಂದು ಕುಂದರ್ರಿ. ನೀರು ಬಂದ್ರ ಅದು ನಂದು. ಬರಲಿಲ್ಲಂದ್ರ ಮೂರೂ ಎಕರೆ ಬರಕೋರಿ, ನಿಮ್ಮ ಗುಡ್ಡದ ಕಲ್ಲೂ ಬ್ಯಾಡ, ನಾವಿಬ್ಬರೂ ಊರು ಬಿಡ್ತೇವಿ" ಅಂದೆ. ಯಮನಪ್ಪನನ್ನು ಒಂದು ಮಾತು ಕೇಳಿರಲಿಲ್ಲ. ಅವರು ಒಪ್ಪಿಕೊಳ್ಳಲು ತಡಮಾಡಲಿಲ್ಲ.

ನಡೆದು ಬಂದು ನಿಂತೆ. ನೆತ್ತಿಯ ಮೇಲಿನ ಹೊತ್ತು ಪಡುವಣಕ್ಕೆ ಇಳಿಯುವವರೆಗೂ ನಿಂತೆ. ಕೆಲವರು ಬಂದು ನೋಡಿ ಹೋದರು. ಮೌಲಾಸಾಬ ಒಂದು ಚೊಂಬು ನೀರು ತಂದುಕೊಟ್ಟು, "ಇದು ಕುಡಿಯೂ ನೀರು, ಇದು ನಿನ್ನ ಹಿಂದ ಬರೂದಿಲ್ಲ" ಅಂದ. ನಗು ಬಂತು, ಸ್ವಲ್ಪ ಜೀವ ಬಂದ ಹಾಗಾಯಿತು. ಮನೆಗೆ ಹೋಗುವಾಗ ಚಪ್ಪಲಿ ಮೆಟ್ಟಿಕೊಂಡೆ. ಯಮನಪ್ಪನಿಗೆ ಪಣದ ಸಂಗತಿ ಹೇಳಿದಾಗ ಅವನು, "ಊರು ಬಿಡೂದಾದ್ರ ಉಳಿ, ಸುತ್ತಿಗಿ ಅಷ್ಟ ಕಟ್ಟಬೇಕು, ಹೆಚ್ಚಿಗಿ ಏನೈತಿ" ಅಂದು ಊಟಕ್ಕೆ ಕೂತ.

ಬೆಳಿಗ್ಗೆ ನಾವಿಬ್ಬರೂ ಹೋಗುವಷ್ಟರಲ್ಲಿ ಹಿರಿಯರು ಬೇಗನೇ ಬಂದು, ಚಪ್ಪಲಿ ಕೆಳಗೆ ಬಿಟ್ಟು, ಕಟ್ಟೆ ಏರಿ ಕೂತಿದ್ದರು. ನೆಲ ಒಣಗಿತ್ತು. ಒಬ್ಬರು ಎಲೆ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡು, "ಬರಕೋರಿ ಇನ್ನ" ಅಂದರು. ನಾನು ನಿಂತಿದ್ದ ಜಾಗವನ್ನೇ ನೋಡುತ್ತಿದ್ದೆ. ಅಲ್ಲಿಯ ಮಣ್ಣು ಮೊದಲು ಕಪ್ಪಗಾಯಿತು. ಆಮೇಲೆ ಮಿನುಗಿತು. ಎಲೆ ಅಡಿಕೆ ಅಗಿದು ಮುಗಿ​ಯುವಷ್ಟರಲ್ಲಿ ಹಳದಿ ನೀರು ಮೆಟ್ಟಿಲ ಬುಡ ಮುಟ್ಟಿತು. ನಾನು ಅರ್ಧ ದಿನ ನಿಂತಿದ್ದೆನಲ್ಲ, ಅಷ್ಟಕ್ಕೆ ತಕ್ಕಂತೆ ಬಂತು. ಎರಡನೆಯ ಮೆಟ್ಟಿಲು ಮುಳುಗಿತು. ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳು ಒಂದೊಂದಾಗಿ ತೇಲಿ ಅತ್ತಿತ್ತ ಹೊರಟವು. ಯಮನಪ್ಪ ನೀರಿಗಿಳಿದು ಚಪ್ಪಲಿಗಳನ್ನು ಹಿಡಿದು, ಇದು ಇವರದು, ಇದು ಅವರದು ಅಂತ ಜೋಡಿ ಮಾಡಿ ಕಟ್ಟೆಯ ಮೇಲೆ ಅವರವರ ಮುಂದೆ ಇಟ್ಟ. ಎಲ್ಲ ಅವನೇ ಹೊಲಿದದ್ದು.

"ನಿನಗೇನು ಬೇಕು ಹೇಳು" ಅಂದರು ಹಿರಿಯರು.

ಹೇಳಿದೆ. ನನ್ನ ಹೊಲ ಹೊಲವೇ, ಕೆರೆಯಲ್ಲ. ಏಳು ಹೊಲದ ನೀರನ್ನು ನಾನೇ ನಡೆಸಿ ನನ್ನ ಹೊಂಡಕ್ಕೆ ತರುತ್ತೇನೆ, ನಡಿಗೆಗೆ ಅರ್ಧ ದಿನದ ಕೂಲಿ. ನೀವು ಹಳ್ಳಕ್ಕೆ ಹೋಗುವ ನೂರೈದು ದಿನ ನಿಮಗೇ ಉಳಿಯುತ್ತದೆ. ಬೇಸಿಗೆಯಲ್ಲಿ ಕಾಲುವೆ ನಿಂತಾಗ ಅದೇ ನೀರು ನಿಮಗೆ ಮತ್ತೆ ಸಿಗುತ್ತದೆ. ಅದಕ್ಕೆ ಬೇರೆ ಬೆಲೆ, ಗಡ್ಡೆಯಲ್ಲಿ ಕೊಡಿ, ಹದಿನಾರಕ್ಕೆ ಒಂದು. ಇಷ್ಟಕ್ಕೆ ಅವರು ತಲೆಯಾಡಿಸಿದರು, ಲೆಕ್ಕ ಅವರಿಗೂ ಬರುತ್ತದೆ. ಕಡೆಯದಾಗಿ, "ನಾ ಬರಿಗಾಲಲೆ ನಡಿಯೂಮುಂದ ನನ್ನ ಚಪ್ಲಿ ಹಿಂದ ಹಿಡ್ಕೊಂಡು ಬರಾಕ ಒಬ್ಬರು ಬೇಕು. ಹೊಂಡದ ದಂಡಿಗೆ ಮೆಟ್ಟಲಿಲ್ಲಂದ್ರ ನೀರು ನನ್ನ ಹಿಂದ ಮನಿ ಮಟಾ ಬರತೈತಿ" ಅಂದೆ.

"ಆಳು ಕಳಸ್ತೇವಿ ತಗೋ."

"ಆಳು ನಡಿಯಾಂಗಿಲ್ರಿ. ಅವರೂ ಬರಿಗಾಲಲೆ ಬರ್ತಾರ. ಅವರಿಗೂ ಸನಿಕಿ ಹಿಡಿಸಿರ್ತೀರಿ. ಯಾರ ಹಿಂದ ಯಾವ ನೀರು ಹೋಗತೈತಿ ಅಂತ ಯಾರಿಗೆ ಗೊತ್ತು? ಆಳುಗಳು ಹೊಲದಾಗ ಚಪ್ಲಿ ಮೆಟ್ಟಬಹುದು ಅಂತ ಇವತ್ತ ಡಂಗುರ ಸಾರಸ್ರಿ, ಆಳು ಬರ್ಲಿ. ಇಲ್ಲಂದ್ರ ಹೊಲದವರೇ ಬರಬೇಕು. ನಿಮ್ಮ ಕಾಲಾಗ ಚಪ್ಲಿ ಇರ್ತಾವಲ್ಲ."

ಒಬ್ಬರು ಡಂಗುರ ಅಂದರೆ ಇನ್ನೊಬ್ಬರು ಬೇಡ ಅಂದರು. ನಮ್ಮ ಅಜ್ಜ ಮುತ್ತಜ್ಜ ಅಂತ ಶುರುವಾಯಿತು. ಮಾತು ಮಧ್ಯಾಹ್ನಕ್ಕೂ ಮುಗಿಯಲಿಲ್ಲ. ನಾನು ಯಮನಪ್ಪನ ಕೈ ಹಿಡಿದು ಮನೆಗೆ ಬಂದೆ. ಅವರು ಯೋಚಿಸಿದಷ್ಟೂ ದಿನ ಗಡ್ಡೆ ಕೊಳೆಯುತ್ತದೆ, ನನಗೇನು ಅವಸರ?

ನಾಲ್ಕನೆಯ ದಿನ ಬೆಳಿಗ್ಗೆ ತೂಬಿನ ಕಡೆ ಹೋಗುವಾಗ ಶಾಂತಗೌಡರು ತಮ್ಮ ಬದುವಿನ ಮೇಲೆ ಒಬ್ಬರೇ ನಿಂತಿದ್ದರು. ಎಂಟು ವರ್ಷದ ಹಿಂದೆ ನಿಂತಿದ್ದ ಅದೇ ಜಾಗ. ಕೈಯಲ್ಲಿ ಒಂದು ಗಡ್ಡೆ ಇತ್ತು, ಹಿಚುಕಿದರೆ ನೀರು ಸೋರುತ್ತಿತ್ತು. ನಾನು ಅವರೆದುರು ಹೋಗಿ ನಿಂತೆ, ಚಪ್ಪಲಿ ಕಾಲಲ್ಲೇ ಇತ್ತು. ಅವರು ಕೆಳಗೆ ನೋಡಿ, "ಚಪ್ಲಿ ಬಿಟ್ಟ ನಡಿಯವಾ" ಅಂದರು. ಅದೇ ಮಾತು, ಆದರೆ ಈ ಸಲ ದನಿ ಅರ್ಧದಲ್ಲೇ ಇಂಗಿತು.

ಬಿಟ್ಟೆ. ಬಿಟ್ಟು ಹಾಗೇ ನಿಂತೆ. ಗೌಡರು ದೊಡ್ಡ ಮೈಯನ್ನು ಕಷ್ಟಪಟ್ಟು ಬಗ್ಗಿಸಿ ಎರಡೂ ಚಪ್ಪಲಿ ಎತ್ತಿಕೊಂಡರು. ನಾನು ಅವರ ಹೊಲದ ಮಡಿಗಳನ್ನು ಒಂದೊಂದಾಗಿ ತುಳಿದು, ಬದು ದಾಟಿ, ಇಳಿಜಾರು ಹಿಡಿದೆ. ಅವರು ಹಿಂದೆ ಬಂದರು. ಉಳಿದ ಆರು ಹೊಲದವರು ತಂತಮ್ಮ ಬದುವಿಗೆ ಬಂದು ನಿಂತು ನೋಡಿದರು. ಗಿರಣಿಯ ಮುಂದೆ ಮೌಲಾಸಾಬ ನೋಡಿದ. ಯಾರೂ ನಗಲಿಲ್ಲ. ಅರ್ಧ ದಾರಿಗೆ ಬಂದಾಗ ಗೌಡರು ಒಂದು ಕೈಯಿಂದ ಇನ್ನೊಂದು ಕೈಗೆ ಚಪ್ಪಲಿ ಬದಲಾಯಿಸಿಕೊಂಡರು.

"ಭಾಳ ಭಾರ ಅದಾವಲ್ಲವಾ ಇವು" ಅಂದರು.

"ಎಂಟು ವರ್ಷ ಎಣ್ಣಿ ಕುಡದಾವ್ರಿ, ಗೌಡ್ರ" ಅಂದೆ.

ಹೊಂಡದ ದಂಡೆಯ ಮೇಲೆ ಯಮನಪ್ಪ ಕೂತಿದ್ದ. ಗೌಡರು ಚಪ್ಪಲಿಯನ್ನು ನನ್ನ ಕಾಲ ಮುಂದೆ ಇಟ್ಟರು. ನಾನು ಹೊಂಡಕ್ಕೆ ಇಳಿದು ಒಂದು ತಾಸು ನಿಂತು, ಮೇಲೆ ಬಂದು, ಕಾಲು ಒರೆಸಿಕೊಂಡು ಮೆಟ್ಟಿದೆ. ಉಳಿದ ಒಂದು ಎಕರೆಯ ನೀರು ಇಳಿಸುವುದಕ್ಕೆ ಸುಗ್ಗಿಗೆ ಇನ್ನೂ ಹತ್ತು ದಿನ ಇತ್ತು, ಬಿತ್ತುವುದಕ್ಕೆ ಎರಡೂವರೆ ಎಕರೆ ಇತ್ತು.